ಹದಿನೈದನೇ ನಿಬಂಧನೆ

ನಮ್ಮ ಲಾರಿ ಕಂಪನಿಯ ರಸೀದಿಯ ಹಿಂಬದಿಯಲ್ಲಿ ಹದಿನಾಲ್ಕು ನಿಬಂಧನೆಗಳಿವೆ. ಇರುವೆ ಸಾಲಿನಂಥ ಸಣ್ಣ ಅಕ್ಷರ. ಮಾಲು ಕಳಿಸುವವರು ಓದುವುದಿಲ್ಲ, ಪಡೆಯುವವರು ಓದುವುದಿಲ್ಲ, ಅಚ್ಚು ಹಾಕಿಸಿದ ನಮ್ಮ ಮಾಲೀಕರೂ ಓದಿಲ್ಲವೆಂದು ನನ್ನ ಅನುಮಾನ. ಓದಿದವಳು ನಾನೊಬ್ಬಳೇ. ಬುಕ್ಕಿಂಗ್ ಕೌಂಟರಿಗೆ ಸೇರಿದ ಮೊದಲ ವಾರವೇ ಹದಿನಾಲ್ಕನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಹನ್ನೆರಡು ವರ್ಷವಾಯಿತು, ಒಂದಕ್ಷರ ಮರೆತಿಲ್ಲ. ಆ ಜಂಬವೇ ನನ್ನನ್ನು ತಿಂದುಹಾಕಿತು.

ಅವನನ್ನು ಮೊದಲು ಕಂಡದ್ದೂ ಈ ನಿಬಂಧನೆಗಳ ನೆಪದಲ್ಲೇ. ನಾಲ್ಕು ವರ್ಷಕ್ಕೂ ಹಿಂದೆ, ಒಂದು ಗುರುವಾರ ಮಧ್ಯಾಹ್ನ. ಕೌಂಟರಿನ ಆಚೆ ಒಬ್ಬ ಗಿರಾಕಿ ತನ್ನ ಕನ್ನಡಿ ಬೀರು ಬಿರುಕುಬಿಟ್ಟಿದೆ ಎಂದು ಕೂಗಾಡುತ್ತಿದ್ದ. ಪಕ್ಕದಲ್ಲಿ ಹೊಸದಾಗಿ ಸೇರಿದ ಡ್ರೈವರ್ ಕೈಕಟ್ಟಿ ನಿಂತಿದ್ದ. ನಲವತ್ತರ ಹತ್ತಿರದ ವಯಸ್ಸು, ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು, ಮುಖದಲ್ಲಿ ಯಾವ ಗಡಿಬಿಡಿಯೂ ಇಲ್ಲ.

"ಹತ್ತಿಸೋವಾಗಲೇ ಬಿರುಕಿತ್ತು ಮೇಡಂ," ಎಂದ ಅವನು. "ನೋಡಿ ಬರೆಸ್ಕೊಂಡಿದ್ದೀನಿ."

ರಸೀದಿಯ ಮೂಲೆಯಲ್ಲಿ ನಿಜವಾಗಿಯೂ ಬರೆದಿತ್ತು. ಹಿಂಬದಿ ತಿರುಗಿಸುವ ಅಗತ್ಯ ನನಗಿರಲಿಲ್ಲ.

"ನಿಬಂಧನೆ ಒಂಬತ್ತು," ಎಂದೆ. "ಹತ್ತಿಸುವಾಗಲೇ ಇದ್ದ ಕುಂದಿಗೆ ಸಾಗಿಸುವವರು ಹೊಣೆಯಲ್ಲ."

ಗಿರಾಕಿ ಕಾಗದ ಕಿತ್ತುಕೊಂಡು, ಕಣ್ಣು ಕಿರಿದು ಮಾಡಿ ಓದಿ, ಗೊಣಗುತ್ತಾ ಹೋದ. ಡ್ರೈವರ್ ಮಾತ್ರ ಅಲ್ಲೇ ನಿಂತ.

"ಇದನ್ನೆಲ್ಲ ಓದೋರೂ ಇದ್ದಾರಾ?"

"ಹಿಂದೆ ಮುಂದೆ ಎರಡೂ ಕಡೆ ಓದದೆ ನಾನು ಯಾವ ಕಾಗದಾನೂ ಫೈಲಿಗೆ ಹಾಕಲ್ಲ."

"ಯಾವ ಕಾಗದಾನೂ?"

"ಯಾವ ಕಾಗದಾನೂ."

ಅವನು ನಕ್ಕ. ಆ ನಗು ತುಟಿಯಲ್ಲಿ ಶುರುವಾಗಿ ಕಣ್ಣಿಗೆ ತಲುಪುವಷ್ಟರಲ್ಲಿ ನಾನು ಇನ್ನೊಂದು ರಸೀದಿ ಬರೆದು ಮುಗಿಸಿದ್ದೆ. ಅಷ್ಟು ನಿಧಾನ. ಒಂದೇ ತಿಂಗಳಲ್ಲಿ ಅಂಗಳದ ಜನ ಅವನಿಗೆ 'ನಿಧಾನ' ಎಂದೇ ಹೆಸರಿಟ್ಟರು. ನನಗೆ ಅವನು 'ಹಿಂದೆಮುಂದೆ ಮೇಡಂ' ಎಂದು ಹೆಸರಿಟ್ಟ. ಎರಡೂ ಹೆಸರು ಅಂಟಿಕೊಂಡವು.

ನಮ್ಮಲ್ಲಿ ಲಾರಿಗಳು ಎರಡು ಬಗೆ. ಫುಲ್ ಲೋಡ್ ಎಂದರೆ ಇಡೀ ಲಾರಿ ಒಬ್ಬರದೇ. ಹತ್ತಿಸಿ, ಬಾಗಿಲು ಹಾಕಿ, ಸೀಲು ಒತ್ತಿದರೆ ಮುಗಿಯಿತು. ಒಳಗೆ ಅರ್ಧ ಜಾಗ ಖಾಲಿ ಇದ್ದರೂ ಬೇರೆಯವರದು ಒಂದು ಕಡ್ಡಿಪೆಟ್ಟಿಗೆಯನ್ನೂ ಹಾಕುವಂತಿಲ್ಲ. ಪಾರ್ಟ್ ಲೋಡ್ ಹಾಗಲ್ಲ. ಅದು ಹತ್ತು ಜನರ ಹತ್ತು ಥರದ ಮಾಲು: ಒಬ್ಬರ ಹೊಲಿಗೆ ಯಂತ್ರ, ಇನ್ನೊಬ್ಬರ ಬಣ್ಣದ ಡಬ್ಬ, ಮತ್ತೊಬ್ಬರ ಮಗಳ ಪುಸ್ತಕದ ಕಪಾಟು. ಏಳು ಊರು ಸುತ್ತಿ, ಒಂದೊಂದು ಕಡೆ ಒಂದೊಂದು ಇಳಿಸಿ, ಹೊಸದನ್ನು ತುಂಬಿಕೊಂಡು ಬರಬೇಕು. ಡ್ರೈವರುಗಳಿಗೆ ಪಾರ್ಟ್ ಲೋಡ್ ಎಂದರೆ ತಲೆನೋವು. ನಿಧಾನನಿಗೆ ಅದೇ ಇಷ್ಟ.

ಸೋಮವಾರ ಬೆಳಿಗ್ಗೆ ಹೊರಟರೆ ಗುರುವಾರ ಮೂರು ಗಂಟೆಗೆ ಅವನ ಲಾರಿ ಅಂಗಳಕ್ಕೆ ಬರುತ್ತಿತ್ತು. ಬಂದವನು ಬೇರೆ ಊರಿನ ಏಜೆಂಟರು ಕೊಟ್ಟ ರಸೀದಿಗಳ ಕಟ್ಟನ್ನು ನನ್ನ ಕೌಂಟರಿನ ಮೇಲಿಡುತ್ತಿದ್ದ. ಬಿಳಿ ಹಾಳೆ ಗೋಡೌನಿಗೆ. ಹಳದಿ ಹಾಳೆ ಮಾಲು ಬಿಡಿಸಿಕೊಳ್ಳುವವರ ಕೈಗೆ. ಹಳದಿ ತಂದವರಿಗೇ ಮಾಲು. ನಾನು ಎಣಿಸಿ ಸಹಿ ಹಾಕುವ ತನಕ ಅವನು ಕಂಬಿಯ ಆಚೆ ನಿಂತಿರಬೇಕು. ಹತ್ತು ನಿಮಿಷದ ಕೆಲಸವನ್ನು ನಾನು ಅರ್ಧ ಗಂಟೆಗೆ ಎಳೆಯುತ್ತಿದ್ದೆ. ನಿಧಾನ ಅವನಾದರೂ ಆ ಹೊತ್ತಿನಲ್ಲಿ ಅವನಿಗಿಂತ ನಿಧಾನ ನಾನೇ.

"ಮೇಡಂ, ನೀವು ಫುಲ್ ಲೋಡಾ, ಪಾರ್ಟ್ ಲೋಡಾ?" ಎಂದು ಒಮ್ಮೆ ಕೇಳಿದ.

"ನಾನು ಗೋಡೌನ್ ಮಾಲು. ಮೂವತ್ತಾರು ವರ್ಷದಿಂದ ಯಾರೂ ಬಿಡಿಸ್ಕೊಂಡಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ನಗಲಿಲ್ಲ. ಕಂಬಿಯ ಮೇಲೆ ಬೆರಳಿಟ್ಟು, "ಬಿಡಿಸ್ಕೊಳ್ಳೋಕೆ ಹಳದಿ ಕಾಗದ ಬೇಕಲ್ಲ ಮೇಡಂ. ಅದು ಯಾರ ಹತ್ರ ಇದೆ?" ಎಂದ. ನಾನು ತಲೆ ಬಗ್ಗಿಸಿ ಎಣಿಸಿದ್ದನ್ನೇ ಮತ್ತೆ ಎಣಿಸಿದೆ.

ನನ್ನ ಕೌಂಟರ್ ಎತ್ತರ. ಅದಕ್ಕೆ ತಕ್ಕ ಸ್ಟೂಲ್ ಇನ್ನೂ ಎತ್ತರ. ಎತ್ತರ ಇಲ್ಲದವಳು ನಾನು. ದಿನವಿಡೀ ಕಾಲು ನೆಲಕ್ಕೆ ತಾಗದೆ ಜೋತಾಡುತ್ತಿತ್ತು. ಸಂಜೆಗೆ ಮಂಡಿಯಿಂದ ಕೆಳಗೆ ಜೋಮು ಹಿಡಿದು ನೋವು. ಕೌಂಟರಿನ ಮುಂಭಾಗದಲ್ಲಿ ಒಂದು ಹಲಗೆ ಕಿತ್ತುಹೋಗಿ ಎಷ್ಟೋ ವರ್ಷವಾಗಿತ್ತು. ಆ ಕಿಂಡಿಯಿಂದ ನನ್ನ ಕಾಲು ಹೊರಗಿನವರಿಗೆ ಕಾಣುತ್ತದೆಂದು ನನಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಅವನಿಂದ. ಆ ದಿನ ಫೋನಿನಲ್ಲಿ ಒಬ್ಬ ಗಿರಾಕಿಗೆ "ಲಾರಿ ಹೊರಟಾಯ್ತು ಸರ್, ದಾರೀಲಿದೆ" ಎಂದು ಹೇಳಿ ಇಟ್ಟೆ. ಲಾರಿ ಕಣ್ಣೆದುರೇ ಅಂಗಳದಲ್ಲಿ ಟೈರ್ ಬಿಚ್ಚಿಕೊಂಡು ಕೂತಿತ್ತು.

"ನೀವು ಸುಳ್ಳು ಹೇಳಿದ್ರೆ ನನಗೆ ಗೊತ್ತಾಗುತ್ತೆ," ಎಂದ ಅವನು.

"ಅದೇನು ದೊಡ್ಡ ವಿಷಯ? ಲಾರಿ ಕಾಣಿಸ್ತಾನೇ ಇದೆ."

"ಲಾರಿ ನೋಡಿ ಅಲ್ಲ. ಕಾಲು ನೋಡಿ. ನಿಮ್ಮ ಕಾಲು ಸದಾ ಆಡ್ತಿರುತ್ತೆ. ಸುಳ್ಳು ಹೇಳೋವಾಗ ಮಾತ್ರ ಗಪ್ ಅಂತ ನಿಲ್ಲುತ್ತೆ. ಇಗೋ, ಈಗ ಮತ್ತೆ ಶುರುವಾಯ್ತು."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಾಲನ್ನು ಸ್ಟೂಲಿನ ಅಡ್ಡಕೋಲಿಗೆ ಸುತ್ತಿಕೊಂಡೆ. "ಹೆಂಗಸರ ಕಾಲು ನೋಡೋದು ಒಳ್ಳೇದಲ್ಲ" ಎಂದೆ. "ನೋವು ಬರಲ್ವಾ, ದಿನಾ ಹೀಗೆ ಜೋತಾಡಿಸ್ಕೊಂಡು?" ಎಂದ. ಆ ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ನನ್ನ ಹೆತ್ತ ತಾಯಿಯೂ ಕೇಳಿರಲಿಲ್ಲ. ನಾನು ಅವನನ್ನು ಪ್ರೀತಿಸಿದ್ದು ಯಾವಾಗಿನಿಂದ ಎಂದು ಯಾರಾದರೂ ಕೇಳಿದರೆ ಆ ಗುರುವಾರ ಮೂರೂ ಇಪ್ಪತ್ತರಿಂದ ಎನ್ನುತ್ತೇನೆ.

ಇನ್ನೊಮ್ಮೆ ಲಾರಿಯ ಮಾತು ಬಂತು. "ಇಷ್ಟು ವರ್ಷ ಲಾರಿ ಕಂಪನೀಲಿದ್ದು ಒಂದ್ಸಲಾನೂ ಲಾರಿ ಹತ್ತಿಲ್ವಾ?" ಎಂದು ಅವನು ಬಾಯಿ ಬಿಟ್ಟ. "ಹತ್ತೋದು ಹೇಗೆ? ಮೊದಲನೇ ಮೆಟ್ಟಿಲೇ ನನ್ನ ಮಂಡಿಗಿಂತ ಮೇಲಿದೆ" ಎಂದೆ. ಅವನು ತನ್ನ ಲಾರಿಯ ಕಡೆ ನೋಡಿದ, ಕಿಂಡಿಯ ಕಡೆ ನೋಡಿದ, "ಹೂಂ" ಎಂದ. ಅವನ 'ಹೂಂ'ಗಳಿಗೆ ಅರ್ಥ ಹುಡುಕುವುದೇ ಆಗ ನನಗೆ ಸಂಜೆಯ ಕೆಲಸ.

ಮನೆಯಲ್ಲಿ ಅಮ್ಮನೊಬ್ಬಳೇ. ಮಂಡಿನೋವಿನ ಅಮ್ಮ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. "ಗುರುವಾರ ಬಂದ್ರೆ ಬೆಳಿಗ್ಗೆ ಎರಡು ಸಲ ತಲೆ ಬಾಚ್ತೀಯಲ್ಲ, ಯಾರವನು?" ಎಂದಳು ಒಂದು ದಿನ. "ಯಾರೂ ಇಲ್ಲಮ್ಮ" ಎಂದೆ. "ಯಾರೂ ಇಲ್ಲದೋರಿಗೆ ಅಷ್ಟೊಂದು ಎಣ್ಣೆ ಯಾಕೆ ದಂಡ" ಎಂದು ಬೇಳೆ ಆರಿಸುವುದನ್ನು ಮುಂದುವರಿಸಿದಳು.

ಹೀಗೆ ಮೂರು ವರ್ಷ. ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಏನು ಅವಸರ, ಗುರುವಾರಗಳು ಬೇಕಾದಷ್ಟಿವೆ ಎಂದುಕೊಂಡಿದ್ದೆ.

ಆಮೇಲೆ ಆ ಸುದ್ದಿ ಬಂತು. ದೂರದ ಒಂದು ಕಾರ್ಖಾನೆಯ ಫುಲ್ ಲೋಡ್ ಗುತ್ತಿಗೆ ನಮ್ಮ ಕಂಪನಿಗೆ ಸಿಕ್ಕಿತ್ತು. ಹೊಸ ಲಾರಿ, ಹನ್ನೆರಡು ದಿನದ ಓಟ, ಹತ್ತಿಸುವುದು ಇಳಿಸುವುದು ಎಲ್ಲ ಕಾರ್ಖಾನೆಯಲ್ಲೇ. ನಮ್ಮ ಅಂಗಳಕ್ಕೆ ಬರುವ ಕೆಲಸವಿಲ್ಲ. ಮಾಲೀಕರು ನಿಧಾನನನ್ನು ಕರೆದು ಹೋಗುತ್ತೀಯಾ ಎಂದು ಕೇಳಿದರಂತೆ. ಗೋಡೌನ್ ಚಿಕ್ಕಪ್ಪ ಬಂದು ಹೇಳಿದರು. ಅವರು ನನಗೆ ಸ್ವಂತ ಚಿಕ್ಕಪ್ಪನಲ್ಲ, ಗೋಡೌನ್ ನೋಡಿಕೊಳ್ಳುವವರು. ಇಡೀ ಕಂಪನಿಗೇ ಚಿಕ್ಕಪ್ಪ.

"ಏನಂದ್ರು ಅವರು?" ಎಂದೆ, ದನಿ ಸಹಜವಾಗಿರುವಂತೆ ನೋಡಿಕೊಂಡು.

"ಒಂದು ತಿಂಗಳು ಟೈಮ್ ಕೊಡಿ, ಯೋಚನೆ ಮಾಡಿ ಹೇಳ್ತೀನಿ ಅಂದನಂತೆ."

ಯೋಚನೆ! ಇಲ್ಲ ಎನ್ನಲು ಒಂದು ತಿಂಗಳು ಯೋಚನೆ ಬೇಕೇ? ಮೂರು ವರ್ಷ ಕಂಬಿಯ ಆಚೆ ನಿಂತು ನಕ್ಕವನಿಗೆ ಗುರುವಾರ ಬಿಟ್ಟುಹೋಗುವುದು ಯೋಚನೆ ಮಾಡುವಂಥ ವಿಷಯವೇ? ನಾನೊಬ್ಬಳು ಹುಚ್ಚಿ, ಹಗ್ಗವನ್ನು ಹಾವೆಂದುಕೊಂಡವರ ಹಾಗೆ, ನಗುವನ್ನು ಪ್ರೀತಿ ಎಂದುಕೊಂಡೆ. ಹಾಗೆಲ್ಲ ಅಂದುಕೊಂಡು ಆ ಗುರುವಾರ ತಲೆಯನ್ನೂ ಬಾಚದೆ ಹೋದೆ.

ಮೂರು ಗಂಟೆಗೆ ಅವನು ಬಂದ. ಎಂದಿನಂತೆ ಕಟ್ಟು ಇಟ್ಟ. ಎಂದಿಲ್ಲದಂತೆ ಕಟ್ಟಿನ ಅಂಚನ್ನು ಎರಡು ಸಲ ಸರಿಪಡಿಸಿದ ಎಂದು ಈಗ ನೆನಪಾಗುತ್ತದೆ. ಆಗ ನೋಡಿದ್ದೆ, ಲೆಕ್ಕಕ್ಕೆ ಹಿಡಿಯಲಿಲ್ಲ.

"ಮೇಡಂ, ಇವತ್ತು ಮೇಲಿನದ್ದು ಸ್ವಲ್ಪ ನೋಡಿ," ಎಂದ.

ಮೇಲಿದ್ದದ್ದು ಒಂದು ಹಳದಿ ಹಾಳೆ. ಏಳನೇ ಊರಿನ ಏಜೆಂಟರ ಕೈಬರಹ. ಕಳಿಸುವವರು: ಸೆಲ್ಫ್. ಪಡೆಯುವವರು: ಸೆಲ್ಫ್. ಮರದ ಸಾಮಾನು, ಒಂದು. ಸೆಲ್ಫ್ ಎಂದರೆ ಕಳಿಸಿದವರೇ ಬಂದು ಬಿಡಿಸಿಕೊಳ್ಳುತ್ತಾರೆ, ಹಳದಿ ಅವರ ಹತ್ತಿರವೇ ಇರಬೇಕು. ಏಜೆಂಟರು ತಪ್ಪಿ ಕಟ್ಟಿಗೆ ಸೇರಿಸಿದ್ದಾರೆ ಎಂದುಕೊಂಡೆ.

"ನೋಡೋದೇನಿದೆ? ಎಲ್ಲ ಒಂದೇ," ಎಂದು ಅದನ್ನು ಎಳೆದು, ಪಂಚ್ ಒತ್ತಿ, ಅವನ ಕಣ್ಣೆದುರೇ ಫೈಲಿಗೆ ಹಾಕಿ, ಫೈಲನ್ನು ಧಡ್ಡೆಂದು ಮುಚ್ಚಿದೆ. ಹಿಂದೆಮುಂದೆ ಮೇಡಂ ಎಂದು ಹೆಸರು ಪಡೆದವಳು ಆ ದಿನ ಹಿಂದುಮುಂದು ನೋಡಲಿಲ್ಲ.

ಅವನು ಮುಚ್ಚಿದ ಫೈಲನ್ನೇ ನೋಡಿದ. ಆಮೇಲೆ ಹೋದ.

ಮುಂದಿನ ಗುರುವಾರ ಬಂದು ಕೇಳಿದ. "ಗೋಡೌನಿಂದ ಏನಾದ್ರೂ ಬಿಡಿಸ್ಕೊಂಡ್ರಾ ಮೇಡಂ, ಈ ವಾರ?"

ವಾರದಲ್ಲಿ ಎಷ್ಟೋ ಜನ ಬಿಡಿಸಿಕೊಳ್ಳುತ್ತಾರೆ. ಬೇಕೆಂದೇ ಮಾತು ತೆಗೆಯುತ್ತಿದ್ದಾನೆ ಎನಿಸಿತು. ಮಾತು ಕತ್ತರಿಸಲೆಂದೇ "ಇಲ್ಲ," ಎಂದೆ.

ಎರಡನೇ ಗುರುವಾರ: "ಇನ್ನೂ ಯಾರೂ ಬಂದಿಲ್ವಾ?" "ಇಲ್ಲ."

ಮೂರನೆಯದು: ಕೇಳಲು ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿದ. ನಾನೇ ಹೇಳಿದೆ, "ಇಲ್ಲ."

ನಾಲ್ಕನೆಯ ಗುರುವಾರ ಅವನು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, "ಕೊನೇ ಸಲ ಕೇಳ್ತೀನಿ ಮೇಡಂ. ಗೋಡೌನಲ್ಲಿ ಇರೋ ಮಾಲನ್ನ ಬಿಡಿಸ್ಕೊಳ್ಳೋ ಮನಸ್ಸು ಇಲ್ವಾ?" ಎಂದ.

ಗಿರಾಕಿಗಳ ಪರವಾಗಿ ಇವನಿಗೇನು ಚಿಂತೆ ಎಂದು ನನಗೆ ರೇಗಿತು. ಬೇರೆ ಮಾತೇ ಇಲ್ಲವೇ ಇವನ ಬಾಯಲ್ಲಿ? ಹೋಗುವುದಿಲ್ಲ ಎನ್ನಬಾರದೇ? "ಬೇಕಾದೋರು ಬಂದು ಬಿಡಿಸ್ಕೊಳ್ತಾರೆ," ಎಂದೆ. "ಬೇಡ ಅಂದ್ಮೇಲೆ ಮೇಲೆ ಬಿದ್ದು ಕೇಳಬಾರದು."

ಅವನು ಬಗ್ಗಿ ಕಿಂಡಿಯ ಕಡೆ ನೋಡಿದ. ನನ್ನ ಕಾಲು ಸಿಟ್ಟಿನಲ್ಲಿ ಜೋರಾಗಿ ಆಡುತ್ತಿತ್ತು.

"ಸರಿ ಮೇಡಂ," ಎಂದ. ಮಾರನೆಯ ದಿನ ಮಾಲೀಕರ ಬಳಿ ಹೋಗಿ ಫುಲ್ ಲೋಡಿಗೆ ಒಪ್ಪಿಕೊಂಡ.

ಅವನ ಜಾಗಕ್ಕೆ ಬಂದ ಡ್ರೈವರ್ ಗುರುವಾರ ಹನ್ನೆರಡಕ್ಕೇ ಬಂದುಬಿಡುತ್ತಾನೆ. ಕಟ್ಟು ಎಸೆದು, ಸಹಿ ಹಾಕಿಸಿಕೊಂಡು, ಐದು ನಿಮಿಷದಲ್ಲಿ ಮಾಯ. ಮೂರು ಗಂಟೆಗೆ ನಾನು ಸುಮ್ಮನೆ ಗೇಟಿನ ಕಡೆ ನೋಡುತ್ತಾ ಕೂರುತ್ತಿದ್ದೆ. ಅಂಗಳದಲ್ಲಿ ಹಮಾಲರು ಮೂಟೆ ಹೊರುತ್ತಿದ್ದರು, ತೂಕದ ಯಂತ್ರ ಕಿರುಗುಟ್ಟುತ್ತಿತ್ತು, ಫೋನು ಹೊಡೆದುಕೊಳ್ಳುತ್ತಿತ್ತು, ಎಲ್ಲ ಹಾಗೆಯೇ ಇತ್ತು. ಅವನಿಲ್ಲದೆ ಏನೂ ನಿಲ್ಲಲಿಲ್ಲ ಎಂಬುದೇ ನನಗೆ ತಡೆಯಲಾಗದ ಸಂಗತಿಯಾಗಿತ್ತು. ಅಮ್ಮ ತಲೆ ಬಾಚುವ ಮಾತು ಎತ್ತುವುದನ್ನೇ ಬಿಟ್ಟಳು.

ತೊಂಬತ್ತು ದಿನ ಯಾರೂ ಕೇಳದ ಮಾಲನ್ನು ಪಟ್ಟಿ ಮಾಡಿ ವಿಲೇವಾರಿಗೆ ಹಾಕಬೇಕು. ಅದು ನಿಬಂಧನೆ ಹದಿನಾಲ್ಕು. ಪಟ್ಟಿ ಬರೆಯುವವಳು ನಾನೇ. ಒಂದು ಸೋಮವಾರ ಬೆಳಿಗ್ಗೆ ಗೋಡೌನ್ ಚಿಕ್ಕಪ್ಪ ಐದಾರು ಡಬ್ಬಗಳನ್ನು ತಂದು ಕೌಂಟರಿನ ಪಕ್ಕ ಇಟ್ಟರು. ಕೊನೆಯದು ರಟ್ಟಿನ ಪೆಟ್ಟಿಗೆ, ಹಗ್ಗದಿಂದ ಅಚ್ಚುಕಟ್ಟಾಗಿ ಕಟ್ಟಿದ್ದು.

"ಇದು ಸೆಲ್ಫ್," ಎಂದರು ಬಿಳಿ ಹಾಳೆ ಕೊಟ್ಟು. "ಪುಣ್ಯಾತ್ಮ ತಾನೇ ಕಳಿಸಿ ತಾನೇ ಮರೆತಿದ್ದಾನೆ."

ಬಿಳಿ ಹಾಳೆಯಲ್ಲಿ ಫೋನ್ ನಂಬರ್ ಇತ್ತು. ಮೂರು ವರ್ಷ ಪ್ರತಿ ಸೋಮವಾರ ಟ್ರಿಪ್ ಶೀಟಿನಲ್ಲಿ ನಾನೇ ಬರೆದ ನಂಬರ್. ಕಣ್ಣು ಮುಚ್ಚಿ ಬರೆಯಬಲ್ಲೆ.

ಫೈಲ್ ತೆಗೆದೆ. ಹಳದಿ ಹಾಳೆ ಸಿಕ್ಕಿತು. ತಿರುಗಿಸಿದೆ.

ಹದಿನಾಲ್ಕು ನಿಬಂಧನೆಗಳ ಕೆಳಗೆ, ಉಳಿದಿದ್ದ ಎರಡು ಬೆರಳಿನಷ್ಟು ಜಾಗದಲ್ಲಿ, ಅಚ್ಚಿನಷ್ಟೇ ಸಣ್ಣ ಅಕ್ಷರದಲ್ಲಿ, ನೀಲಿ ಪೆನ್ನಿನಲ್ಲಿ ಬರೆದಿತ್ತು:

"ಹದಿನೈದು. ಈ ಹಳದಿ ಹಾಳೆ ಯಾರ ಕೈಯಲ್ಲಿದೆಯೋ ಮಾಲು ಅವರದು. ಇದು ಕೌಂಟರಿನ ಕೆಳಗೆ ಕಾಲಿಡಲು ಆಗುತ್ತದೆ, ಲಾರಿ ಹತ್ತಲೂ ಆಗುತ್ತದೆ. ಎರಡಕ್ಕೂ ಅಳತೆ ನೋಡಿ ಮಾಡಿದ್ದೇನೆ. ಹತ್ತುವ ಮನಸ್ಸಿದ್ದರೆ ಬಿಡಿಸಿಕೊಳ್ಳಿ, ಪಕ್ಕದ ಸೀಟು ಜನ್ಮಪೂರ್ತಿ ನಿಮ್ಮದು. ಇಲ್ಲದಿದ್ದರೆ ಗೋಡೌನಲ್ಲೇ ಬಿಡಿ. ಒಂದು ತಿಂಗಳು ಕಾಯುತ್ತೇನೆ. ಆಮೇಲೆ ಈ ಮಾತು ಎತ್ತುವುದಿಲ್ಲ. ನೀವು ಮುಜುಗರಪಡಬಾರದು."

ಪಂಚಿನ ಒಂದು ತೂತು 'ಮನಸ್ಸು' ಎಂಬ ಮಾತಿನ ನಡುವೆಯೇ ಬಿದ್ದಿತ್ತು.

ಪೆಟ್ಟಿಗೆ ಬಿಚ್ಚಿದೆ. ಪುಟ್ಟದೊಂದು ಕಾಲುಮಣೆ. ಮಾಲು ಇಡುವ ಹಳೆಯ ಪ್ಯಾಲೆಟ್ಟಿನ ಹಲಗೆಯಿಂದ ಮಾಡಿದ್ದು. ಒಂದು ಹಲಗೆಯ ಮೇಲೆ 'ಜೋಪಾನ' ಎಂದು ಹಿಂದೆ ಯಾರೋ ಬಳಿದ ಅಕ್ಷರದ ಅರ್ಧ ಹಾಗೇ ಉಳಿದಿತ್ತು. ಅಂಚುಗಳನ್ನೆಲ್ಲ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದ. ಅಷ್ಟು ಉಜ್ಜಲು ಎಷ್ಟು ದಿನ ಹಿಡಿಯಿತೋ. ಅವನು ನಿಧಾನ.

ನಾಲ್ಕು ಗುರುವಾರ ಅವನು ನನ್ನನ್ನು ಕೇಳಿದ್ದ. ನಾಲ್ಕು ಗುರುವಾರವೂ ನಾನು ಇಲ್ಲ ಎಂದಿದ್ದೆ. ಮೇಲೆ ಬಿದ್ದು ಕೇಳಬಾರದು ಎಂದೂ ಅಂದಿದ್ದೆ. ಕೌಂಟರಿನ ಕೆಳಗೆ ಕುಕ್ಕರಿಸಿ, ಆ ಮಣೆಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಮೇಲೆ ಯಾರೋ ಗಿರಾಕಿ ಕೌಂಟರ್ ಕುಟ್ಟುತ್ತಿದ್ದ.

ಮುಖ ತೊಳೆದು ಬಂದು ಆ ನಂಬರಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಗೊತ್ತಿತ್ತು. ಈಗ ಬಿಡಿಸ್ಕೊತೀನಿ, ಇವತ್ತೇ, ಈಗಲೇ, ನೀವು ಎಲ್ಲಿದ್ದೀರೋ ಅಲ್ಲಿಗೆ ಬರ್ತೀನಿ.

"ಹಲೋ?" ಎಂದಿತು ಒಂದು ಹೆಣ್ಣುದನಿ. ಹಿಂದೆ ಎಂಜಿನ್ನಿನ ಸದ್ದು. "ಅವ್ರು ಗಾಡಿ ಓಡಿಸ್ತಿದ್ದಾರೆ. ನಾನು ಅವ್ರ ಮನೆಯವಳು. ಯಾರು ಮಾತಾಡೋದು?"

"ಆಫೀಸಿಂದ," ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. "ಬುಕ್ಕಿಂಗ್ ಕೌಂಟರ್."

"ಅಯ್ಯೋ, ಹಿಂದೆಮುಂದೆ ಮೇಡಮ್ಮಾ? ಅವ್ರು ಹೇಳ್ತಿರ್ತಾರೆ ನಿಮ್ಮ ವಿಷಯ. ಓದದೆ ಒಂದು ಕಾಗದಾನೂ ಬಿಡಲ್ವಂತಲ್ಲ ನೀವು!" ಅವಳು ನಕ್ಕಳು. ಒಳ್ಳೆಯ ನಗು, ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. "ಮೂರು ವಾರ ಆಯ್ತು ಮೇಡಂ ಮದುವೆಯಾಗಿ. ಅವ್ರ ಅಕ್ಕ ನೋಡಿದ ಸಂಬಂಧ. ರಿಜಿಸ್ಟರ್ ಆಫೀಸಲ್ಲಿ ಸಹಿ ಹಾಕಿದ್ವಿ ಅಷ್ಟೇ, ಯಾರನ್ನೂ ಕರೀಲಿಲ್ಲ. ನಂಗೆ ಸಹಿ ಬಿಟ್ರೆ ಏನೂ ಬರೆಯೋಕೆ ಬರಲ್ಲ. ಈಗ ದಾರೀಲಿ ಬೋರ್ಡ್ ಓದೋದು ಕಲಿಸ್ತಿದ್ದಾರೆ. ಅದಕ್ಕೇ ಇನ್ನೂ ನಿಧಾನ ಓಡಿಸ್ತಾರೆ. ಏನಾದ್ರೂ ಹೇಳ್ಬೇಕಿತ್ತಾ?"

"ಗೋಡೌನಲ್ಲಿ ಅವರದ್ದೊಂದು ಪೆಟ್ಟಿಗೆ ಉಳಿದಿತ್ತು," ಎಂದೆ.

ಅವಳು ಆಚೆ ತಿರುಗಿ ಏನೋ ಹೇಳಿದಳು. ಎಂಜಿನ್ನಿನ ಸದ್ದು ತಗ್ಗಿತು. ಅವನು ಲಾರಿ ಪಕ್ಕಕ್ಕೆ ನಿಲ್ಲಿಸಿದನೇನೋ. ತುಂಬ ಹೊತ್ತಿನ ಮೇಲೆ ಅವಳೇ ಮತ್ತೆ ಬಂದಳು.

"ಗುರುವಾರ ಟೈರ್ ಬದಲಾಯಿಸೋಕೆ ಅಲ್ಲಿಗೆ ಬರ್ತಿದ್ದಾರಂತೆ. ಬಂದು ನೋಡ್ತೀನಿ ಅಂದ್ರು."

ಸೋಮವಾರದಿಂದ ಗುರುವಾರದವರೆಗೆ ನಾನು ಮನುಷ್ಯಳಾಗಿರಲಿಲ್ಲ. ಹೇಳಿಬಿಡಬೇಕು ಎಂದುಕೊಂಡೆ. ಓದಿರಲಿಲ್ಲ, ಓದಿದ್ದರೆ ಅದೇ ಕ್ಷಣ ಕಂಬಿ ಮುರಿದುಕೊಂಡು ಬರುತ್ತಿದ್ದೆ ಎಂದು ಹೇಳಬೇಕು. ಅವನ ಸಂಸಾರ ಹಾಳಾದರೆ ಆಗಲಿ. ಆ ನಗುವ ಹೆಂಗಸು ಅಳಲಿ, ನಾನು ಅತ್ತಿಲ್ಲವೇ? ಇಂಥದ್ದನ್ನೆಲ್ಲ ಅಂದುಕೊಂಡೆ, ಮುಚ್ಚಿಟ್ಟು ಒಳ್ಳೆಯವಳೆನಿಸಿಕೊಳ್ಳುವ ಆಸೆ ನನಗಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಕೋಪದಲ್ಲಿ ಕೊಯ್ದ ಮೂಗು ಶಾಂತ ಆದ್ಮೇಲೆ ಬರುತ್ತಾ?" ಎಂದಳು. ಆಮೇಲೆ ಎಣ್ಣೆ ಬಟ್ಟಲು ಪಕ್ಕಕ್ಕೆ ಸರಿಸಿ, "ಬಾ ಇಲ್ಲಿ" ಎಂದು ನನ್ನ ತಲೆ ಬಾಚಿದಳು. ಚಿಕ್ಕಂದಿನಲ್ಲಿ ಬಾಚಿದ ಹಾಗೆ, ಒಂದೂ ಸಿಕ್ಕು ಎಳೆಯದೆ.

ಗುರುವಾರ ಬೆಳಿಗ್ಗೆ ಪಟ್ಟಿ ಬರೆಯಲು ಕೂತೆ. ಆರನೇ ಸಾಲಿಗೆ ಬಂದಾಗ 'ಮರದ ಸಾಮಾನು, ಯಾರೂ ಬಿಡಿಸಿಕೊಂಡಿಲ್ಲ' ಎಂದು ಬರೆಯಲು ಕೈ ಬರಲಿಲ್ಲ. ಬಿಳಿ ಹಾಳೆ ತೆಗೆದು, 'ಮಾಲು ಸರಿಯಾಗಿ ತಲುಪಿದೆ' ಎಂದಿರುವ ಕಡೆ ನನ್ನ ಸಹಿ ಹಾಕಿದೆ. ಮಣೆಯನ್ನು ಕೌಂಟರಿನ ಕೆಳಗೆ ಇಟ್ಟೆ. ಸ್ಟೂಲ್ ಹತ್ತಿ ಕಾಲು ಇಳಿಬಿಟ್ಟೆ. ಹಿಮ್ಮಡಿ, ಬೆರಳು ಎಲ್ಲ ಹಲಗೆಗೆ ಕೂತವು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಕಾಲಿಗೆ ಕೆಳಗೊಂದು ಆಸರೆ ಸಿಕ್ಕಿತ್ತು.

ಅವನು ಮೂರು ಗಂಟೆಗೆ ಬಂದ. ಗೇಟಿನ ಆಚೆ ದೊಡ್ಡ ಹೊಸ ಲಾರಿ, ಹಿಂಬಾಗಿಲಿಗೆ ಸೀಲು. ಅವನೊಬ್ಬನೇ ಬಂದಿದ್ದ. ಕಂಬಿಯ ಆಚೆ, ಅದೇ ಜಾಗದಲ್ಲಿ ನಿಂತ. ಕಿವಿಯ ಮೇಲೆ ಬಿಳಿ ಕೂದಲು ಹೆಚ್ಚಾಗಿತ್ತು.

"ಚೆನ್ನಾಗಿದ್ದೀರಾ ಮೇಡಂ?"

"ಚೆನ್ನಾಗಿದ್ದೀನಿ. ನೀವು? ಫುಲ್ ಲೋಡ್ ಆಗಿಬಿಟ್ರಿ."

ಅವನು ನಗಲು ನೋಡಿದ. ಈ ಸಲ ನಗು ಕಣ್ಣಿಗೆ ತಲುಪಲಿಲ್ಲ. "ಅವಳು ಒಳ್ಳೆಯವಳು," ಎಂದ. ನಾನು ಕೇಳಿರಲಿಲ್ಲ.

"ಗೊತ್ತಾಯ್ತು. ಮಾತಾಡಿದೆ."

"ಪೆಟ್ಟಿಗೆ…"

"ಬಿಡಿಸ್ಕೊಂಡಿದ್ದೀನಿ. ಒಳ್ಳೆ ಮಣೆ. ಹಾಳಾಗೋದು ಬೇಡ ಅಂತ."

ಅವನು ತಲೆಯಾಡಿಸಿದ. ಕಂಬಿಯ ಮೇಲೆ ಬೆರಳಿಟ್ಟು ಒಂದೊಂದೇ ಸರಳನ್ನು ಮುಟ್ಟುತ್ತಾ ಹೋದ. ಅಂಗಳದಲ್ಲಿ ಯಾರೋ ಟೈರ್ ಉರುಳಿಸಿಕೊಂಡು ಹೋದರು.

"ಒಂದು ಮಾತು ಕೇಳ್ಲಾ ಮೇಡಂ? ಎತ್ತಲ್ಲ ಅಂತ ಬರೆದಿದ್ದೆ. ಆದ್ರೂ ಮೊನ್ನೆ ನೀವು ಫೋನ್ ಮಾಡಿದಾಗಿಂದ ನಿದ್ದೆ ಇಲ್ಲ." ಅವನು ನನ್ನನ್ನು ನೇರವಾಗಿ ನೋಡಿದ. "ಕಾಗದದ ಹಿಂದೆ ಬರೆದಿದ್ದನ್ನ ಆಗಲೇ ಓದಿದ್ರಿ ತಾನೆ? ಓದಿ ಬೇಡ ಅಂದಿದ್ರೆ ಅದು ನಿಮ್ಮ ಇಷ್ಟ. ಅದನ್ನ ಹೊತ್ಕೊಂಡು ಓಡಾಡ್ತೀನಿ, ಅಭ್ಯಾಸ ಆಗಿದೆ. ಆದ್ರೆ ನೀವು ಓದೇ ಇರ್ಲಿಲ್ಲ ಅಂದ್ರೆ… ನಾನು ಬಾಯಿಬಿಟ್ಟು ಕೇಳದೆ ಹೋದೆ ಅಂತಾದ್ರೆ… ಅದು ಮಾತ್ರ ನನ್ನ ಕೈಲಿ ಆಗಲ್ಲ ಮೇಡಂ. ಅವಳ ಮುಖ ನೋಡೋಕೂ ಆಗಲ್ಲ, ನಿಮ್ಮ ಮುಖ ನೋಡೋಕೂ ಆಗಲ್ಲ."

ಮೂರು ದಿನದಿಂದ ಸಿದ್ಧಮಾಡಿಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಓದಿರಲಿಲ್ಲ. ಒಂದೇ ಪದ. ಹೇಳಿದ್ದರೆ ಅವನು ನನ್ನವನಾಗುತ್ತಿದ್ದನೋ ಇಲ್ಲವೋ, ನನ್ನ ಹಾಗೆ ಆಗುತ್ತಿದ್ದ. ಈ ನೋವು ಇಬ್ಬರದಾಗುತ್ತಿತ್ತು. ಅವನೂ ಪ್ರತಿ ಗುರುವಾರ ಮೂರು ಗಂಟೆಗೆ ಎಲ್ಲೋ ಒಂದು ರಸ್ತೆಯ ಪಕ್ಕ ಲಾರಿ ನಿಲ್ಲಿಸಿ ಕೂರುತ್ತಿದ್ದ. ಪಕ್ಕದ ಸೀಟಿನಲ್ಲಿ ಅವಳು ಬೋರ್ಡ್ ತೋರಿಸಿ ಇದೇನು ಅಕ್ಷರ ಎಂದು ಕೇಳುತ್ತಿದ್ದಳು, ಅವನಿಗೆ ಕೇಳಿಸುತ್ತಿರಲಿಲ್ಲ.

ಆ ಆಸೆ ನನಗೆ ಎಷ್ಟಿತ್ತೆಂದರೆ, ಬಾಯಿ ತೆರೆದಾಗ ಯಾವ ಮಾತು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಓದಿದ್ದೆ," ಎಂದೆ. "ಹಿಂದೆ ಮುಂದೆ ಎರಡೂ ಕಡೆ ಓದದೆ ನಾನು ಯಾವ ಕಾಗದಾನೂ ಫೈಲಿಗೆ ಹಾಕಲ್ಲ."

ಅವನು ಹಳೆಯ ಅಭ್ಯಾಸದಂತೆ ನಿಧಾನವಾಗಿ ಬಗ್ಗಿ, ಕಿತ್ತುಹೋದ ಹಲಗೆಯ ಕಿಂಡಿಯಿಂದ ನನ್ನ ಕಾಲಿನ ಕಡೆ ನೋಡಿದ. ಆಗಲೇ ನನಗೆ ನೆನಪಾದದ್ದು, ಕಾಲು ಈಗ ಜೋತಾಡುತ್ತಿಲ್ಲ. ಅವನೇ ಮಾಡಿದ ಮಣೆಯ ಮೇಲೆ ಎರಡೂ ಪಾದ ಸುಮ್ಮನೆ ಕೂತಿದ್ದವು. ನಿಜ ಹೇಳಿದ್ದರೂ ಹಾಗೇ ಕೂತಿರುತ್ತಿದ್ದವು.

ಅವನು ತುಂಬ ಹೊತ್ತು ನೋಡಿದ. ಎದ್ದಾಗ ಮುಖದಲ್ಲಿ ಏನೋ ಸಡಿಲವಾಗಿತ್ತು.

"ಅಳತೆ ಸರಿಯಾಯ್ತಾ?"

"ಸರಿಯಾಗಿದೆ."

"ನೋವು?"

"ಇಲ್ಲ."

"ಸರಿ ಮೇಡಂ," ಎಂದ. ಕಂಬಿಯ ಮೇಲಿನ ಬೆರಳು ತೆಗೆದ. "ಹಗುರಾಯ್ತು."

ಗೇಟಿನ ಹತ್ತಿರ ಲಾರಿ ಹೊರಟ ಸದ್ದು ಕೇಳಿತು. ಮೊದಲ ಗೇರಿನಲ್ಲೇ ತಿರುವಿನ ತನಕ ಹೋಯಿತು. ನಾನು ಕೂತಲ್ಲಿಂದ ಏಳಲಿಲ್ಲ.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ಗೋಡೌನ್ ಚಿಕ್ಕಪ್ಪ ಮುಂದಿನ ಕಿಂಡಿಗೆ ಹಲಗೆ ಹೊಡೆಸುತ್ತೇನೆ ಎಂದರು, ಬೇಡ ಎಂದೆ. ನನ್ನ ಕಾಲುನೋವು ಪೂರ್ತಿ ಹೋಗಿದೆ. ಗಿರಾಕಿಗಳಿಗೆ ಲಾರಿ ದಾರಿಯಲ್ಲಿದೆ ಎಂದು ದಿನಕ್ಕೆ ಹತ್ತು ಸಲ ಸುಳ್ಳು ಹೇಳುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಬಗ್ಗಿ ನೋಡುವವರೂ ಇಲ್ಲ.